ತಂಗುವ ಮನೆಯೇ ನೋಡುವ ತಾಣವಾದದ್ದು: ಇಲವಾಲದ ದಾರಿಯ ಚರಿತ್ರೆ

ಮೈಸೂರಿನಿಂದ ವಾಯವ್ಯಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಇಲವಾಲ ಇಂದಿನ ಪ್ರವಾಸಿಗರ ಪಾಲಿಗೆ ಒಂದು ಕವಲು ಮಾತ್ರ. ನೇರ ಸಾಗಿದರೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳನ್ನು ದಾಟಿ ಮಡಿಕೇರಿ, ಬಲಕ್ಕೆ ಹೊರಳಿದರೆ ಕನ್ನಂಬಾಡಿ ಕಟ್ಟೆ. ಆದರೆ ರಜೆಯಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಏನನ್ನು ನೋಡಬೇಕು ಎಂಬ ಜೋಡಿ ಪ್ರಶ್ನೆ ಮೈಸೂರು ಸೀಮೆಯಲ್ಲಿ ಹೇಗೆ ರೂಪುಗೊಂಡಿತು ಎಂಬುದನ್ನು ಹುಡುಕುವವರು ಈ ಕವಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕಾಗುತ್ತದೆ.

ಹಳೆಯ ಕಾಲದಲ್ಲಿ ಪಯಣಕ್ಕೆ ತೀರ್ಥಯಾತ್ರೆ, ವ್ಯಾಪಾರ, ದಂಡು, ನೆಂಟಸ್ತಿಕೆ ಹೀಗೆ ಏನಾದರೊಂದು ಕಾರಣವಿರುತ್ತಿತ್ತು. ತಂಗುವ ಜಾಗವೆಂಬುದು ಆ ಕಾರಣದ ಬಾಲವಾಗಿ ಬರುತ್ತಿತ್ತು. ದಾರಿಹೋಕರಿಗೆ ಊಟ, ವಸತಿ ಕೊಡುವ ಛತ್ರ, ಬೇಸಿಗೆಯಲ್ಲಿ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆ, ರಾಜಕಾರ್ಯಕ್ಕೆ ಬಂದವರಿಗೆ ಗೊತ್ತುಪಡಿಸುವ ಬಿಡದಿ ಇವೆಲ್ಲ ಧರ್ಮಕ್ಕೋ ಮರ್ಯಾದೆಗೋ ಸೇರಿದ ಏರ್ಪಾಡುಗಳಾಗಿದ್ದು, ಛತ್ರವನ್ನು ನೋಡುವುದಕ್ಕೆಂದು ಯಾರೂ ಊರು ಬಿಟ್ಟು ಹೊರಟವರಲ್ಲ.

1799ರಲ್ಲಿ ಟೀಪು ಸುಲ್ತಾನನ ಶ್ರೀರಂಗಪಟ್ಟಣ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿದ್ದ ಮೇಲೆ ಬೇರೊಂದು ಬಗೆಯ ಪಯಣಿಗರು ಈ ಸೀಮೆಗೆ ಬಂದರು. ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ ಆಗ ಮದರಾಸಿನ ಗವರ್ನರ್ ಆಗಿದ್ದು, ಅವನ ಹೆಂಡತಿ ಹೆನ್ರಿಯೆಟಾ 1800ರ ಮಾರ್ಚಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಅವರ ಉಪಾಧ್ಯಾಯಿನಿಯಾಗಿದ್ದ ಇಟಲಿಯ ಚಿತ್ರಗಾರ್ತಿ ಆನಾ ಟೊನೆಲ್ಲಿಯನ್ನೂ ಕರೆದುಕೊಂಡು, ಆನೆ, ಎತ್ತು, ಡೇರೆಗಳ ದೊಡ್ಡ ದಂಡಿನೊಂದಿಗೆ ಮದರಾಸನ್ನು ಬಿಟ್ಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ನೋಡಿಕೊಂಡು ಹೋದಳು. ವ್ಯಾಪಾರವೂ ಇಲ್ಲದ, ಹರಕೆಯೂ ಇಲ್ಲದ ಈ ತಿರುಗಾಟವನ್ನು ಮೈಸೂರು ಕಂಡ ಮೊದಮೊದಲ ವಿಹಾರಯಾತ್ರೆಗಳಲ್ಲಿ ಒಂದೆಂದು ಎಣಿಸಬಹುದು. ಗೆದ್ದವರ ವಿಹಾರ ಎಂಬ ಮಾತನ್ನು ಜೊತೆಗೇ ಸೇರಿಸಬೇಕಷ್ಟೆ. ಟೀಪುವಿನ ವಸ್ತುಗಳನ್ನು ಈ ಕುಟುಂಬ ಒಟ್ಟುಮಾಡಿಕೊಂಡಿತು. ವೇಲ್ಸ್ ನಾಡಿನ ವೆಲ್ಷ್‌ಪೂಲ್ ಪಟ್ಟಣದ ಬಳಿಯ ಪೋವಿಸ್ ಕೋಟೆ ಹೆನ್ರಿಯೆಟಾಳ ತವರಿನ ಆಸ್ತಿಯಾಗಿದ್ದು, ಟೀಪುವಿನ ಸಿಂಹಾಸನದ ಒಂದು ಚಿನ್ನದ ಹುಲಿತಲೆಯೂ ಅವನ ಡೇರೆಯೂ ಇಂದಿಗೂ ಅಲ್ಲೇ ಇವೆ.

ಆ ಡೇರೆಯನ್ನು ತುಸು ಹತ್ತಿರದಿಂದ ನೋಡಬೇಕು. ಹೊಲಿದಿರುವುದು ಚೀಟಿ ಬಟ್ಟೆಯಲ್ಲಿ, ಅಂದರೆ ಬಣ್ಣದ ಬಳ್ಳಿ, ಹೂಗಳನ್ನು ಮೂಡಿಸಿದ ಹತ್ತಿಯ ಅರಿವೆಯಲ್ಲಿ; ಬಿಳಿಯ ನೆಲದ ಮೇಲೆ ಹೂದಾನಿ, ಹೂದಾನಿಯಿಂದ ಎದ್ದ ಹೂಗೊಂಚಲು, ಸುತ್ತ ಕಮಾನಿನ ಅಂಚು, ಇದೇ ಚಿತ್ತಾರ ಗೋಡೆಯ ಉದ್ದಕ್ಕೂ ಒಂದರ ಪಕ್ಕ ಒಂದರಂತೆ ಮರುಕಳಿಸುತ್ತದೆ. ದಂಡಿನ ನಡುವೆ ಅರಸನಿಗೆ ಬಿಡಾರವಾಗಿದ್ದ ಈ ಬಟ್ಟೆಮನೆಯನ್ನು ಪೋವಿಸ್‌ನವರು ತೋಟದ ಔತಣಕೂಟಗಳಿಗೆ ಚಪ್ಪರದಂತೆ ಬಳಸಿದರು; 1952ರಲ್ಲಿ ಕೋಟೆ ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ರಕ್ಷಣಾ ಸಂಸ್ಥೆಯ ವಶಕ್ಕೆ ಬಂದಿತು. ವೇಲ್ಸಿಗೆ ರಜೆ ಕಳೆಯಲು ಹೋಗುವವರು ಟಿಕೆಟು ಕೊಂಡು ನೋಡುವ ವಸ್ತುಗಳಲ್ಲಿ ಶ್ರೀರಂಗಪಟ್ಟಣದ ದೊರೆಯ ಬಿಡಾರವೂ ಒಂದು.

ಇತ್ತ ಮೈಸೂರಿನಲ್ಲಿ ಕಂಪನಿಯ ಪರವಾಗಿ ಅರಸರ ಆಸ್ಥಾನದ ಬಳಿ ನಿಲ್ಲುವ ರೆಸಿಡೆಂಟ್ ಎಂಬ ಅಧಿಕಾರಿಯ ಹುದ್ದೆ ಹುಟ್ಟಿತು. ನಗರದಲ್ಲಿ ಜಾನ್ ಮ್ಯಾಲ್ಕಂ ಕಟ್ಟಿಸಿದ ರೆಸಿಡೆನ್ಸಿ ಮುಂದೆ ಸರ್ಕಾರಿ ಭವನವೆನಿಸಿತು. ಅದು ಸಾಲದೆಂಬಂತೆ, 19ನೇ ಶತಮಾನದ ಮೊದಲ ದಶಕಗಳಲ್ಲಿ ರೆಸಿಡೆಂಟ್ ಆಗಿದ್ದ ಆರ್ಥರ್ ಕೋಲ್ ಇಲವಾಲದಲ್ಲಿ ಇನ್ನೊಂದು ವಿಶಾಲ ಬಂಗಲೆಯನ್ನು ಕಟ್ಟಿಸಿದ. ಇಂಗ್ಲಿಷರು ಯೆಲ್ವಾಲ್ ಎಂದು ಬರೆದುಕೊಂಡ ಊರು ಇದೇ. ಕಚೇರಿಯಿಂದ ಒಂಬತ್ತು ಮೈಲಿ ದೂರದಲ್ಲಿ, ಕುದುರೆ ಹತ್ತಿ ಹೋಗಿ ಬರಬಹುದಾದ ಕಡೆ ಮನೆ ಮಾಡಿಕೊಳ್ಳುವುದು, ಅದೂ ಅಲ್ಲಿ ಜಮೀನು, ಮನೆದೇವರು, ನೆಂಟರು ಯಾವುದೂ ಇಲ್ಲದಿರುವಾಗ, ಸುತ್ತಲಿನ ರೈತರಿಗೆ ವಿಚಿತ್ರವಾಗಿ ತೋರಿದ್ದರೆ ಅಚ್ಚರಿಯಿಲ್ಲ. ಹಳ್ಳಿಯಲ್ಲಿ ಸುಮ್ಮನೆ ಇದ್ದು ಬರುವುದಕ್ಕೂ ಒಂದು ಮನೆ ಬೇಕೆಂಬ ಭಾವನೆ, ಇಂದಿನ ರೆಸಾರ್ಟು, ಹೋಮ್‌ಸ್ಟೇಗಳ ಬೀಜವೆನ್ನಬಹುದಾದದ್ದು, ಈ ಭಾಗದಲ್ಲಿ ಬೇರುಬಿಟ್ಟದ್ದು ಇಂಥ ಬಂಗಲೆಗಳಿಂದ. 1831ರಲ್ಲಿ ಮೈಸೂರಿನ ಆಡಳಿತ ಅರಸರಿಂದ ಬ್ರಿಟಿಷ್ ಕಮಿಷನರುಗಳ ಕೈಸೇರಿ ಕಚೇರಿಗಳು ಬೆಂಗಳೂರಿಗೆ ಹೋದವು; ಇಲವಾಲ ಅಧಿಕಾರಿಗಳಿಗೆ ದೂರವಾಯಿತು.

ಆಮೇಲೆ ಬಂದವು ಹೆದ್ದಾರಿಗಳ ಪ್ರವಾಸಿ (ಟ್ರಾವೆಲರ್ಸ್) ಬಂಗಲೆಗಳು, ಪರಿವೀಕ್ಷಣಾ (ಇನ್‌ಸ್ಪೆಕ್ಷನ್) ಬಂಗಲೆಗಳು, ಜನರ ಬಾಯಲ್ಲಿ ‘ಟೀಬಿ’, ‘ಐಬಿ’ಗಳು. ಸರ್ಕಾರ ಇವನ್ನು ದರ್ಜೆಗಳಾಗಿ ವಿಂಗಡಿಸಿತ್ತು. ಮೇಲಿನ ದರ್ಜೆಯಲ್ಲಿ ಪಿಂಗಾಣಿ ತಟ್ಟೆಯ ಜೊತೆಗೆ ಅಡುಗೆ ಬಲ್ಲ ಖಾನಸಾಮನೂ ಇದ್ದರೆ, ಕೆಳಗಿನದರಲ್ಲಿ ತಲೆಯ ಮೇಲೊಂದು ಸೂರು, ಅಷ್ಟೆ.

ನಿಜವಾದ ತಿರುವು ಬಂದದ್ದು ಇಲವಾಲದ ಬಲಗವಲಿನಲ್ಲಿ. 1911ರಲ್ಲಿ ಮೊದಲಾದ ಕೃಷ್ಣರಾಜಸಾಗರದ, ಅಂದರೆ ಕನ್ನಂಬಾಡಿ ಕಟ್ಟೆಯ, ಕೆಲಸದ ಗುರಿ ವಿಹಾರವಾಗಿರಲಿಲ್ಲ. ಶಿವನಸಮುದ್ರದ ವಿದ್ಯುತ್ತಿಗೆ ಬೇಸಿಗೆಯಲ್ಲೂ ನೀರು, ಮಂಡ್ಯದ ಬಯಲಿಗೆ ನಾಲೆ, ಇವೇ ಎಂಜಿನಿಯರ್ ವಿಶ್ವೇಶ್ವರಯ್ಯನವರ ಲೆಕ್ಕಾಚಾರ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂಡಿಸಿ ಕಟ್ಟಿದ, 8,600 ಅಡಿ ಉದ್ದದ, 130 ಅಡಿ ಎತ್ತರದ ಕಟ್ಟೆ ಅದು. ನೀರು ನಿಂತಾಗ ಹಳೆಯ ಕನ್ನಂಬಾಡಿ ಮುಳುಗಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1927ರಿಂದ 1932ರೊಳಗೆ, ಕಟ್ಟೆಯ ಬುಡದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಬೃಂದಾವನ ತೋಟ ಎದ್ದಿತು. ಕಾರಂಜಿಗಳಿಗೆ ವಿದ್ಯುದ್ದೀಪದ ಬಣ್ಣ ಕೂಡಿತು. ದೀಪ ಹತ್ತುವುದು ಕತ್ತಲಾದ ಮೇಲೆ, ನೋಡಿ ಮುಗಿಸಿದವರು ರಾತ್ರಿ ಎಲ್ಲಿಯಾದರೂ ಮಲಗಲೇಬೇಕು. ತೋಟದ ನೆತ್ತಿಯಲ್ಲಿ ಹೋಟೆಲು ಬಂದದ್ದಕ್ಕೆ ಇದಕ್ಕಿಂತ ಸರಳ ಕಾರಣ ಬೇಡ. ಕೋಲ್ ಕಟ್ಟಿಸಿದ್ದು ನೋಟವಿಲ್ಲದ ಮನೆ. ಇಲ್ಲಿ ನೋಟ ಮೊದಲು, ಮನೆ ಆಮೇಲೆ.

ಮೈಸೂರಿನ ಲಲಿತಮಹಲ್ ಮೂರನೆಯ ಬಗೆ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ಬಿಡದಿಗೆಂದು ಅಸ್ತಿವಾರ ಹಾಕಿಸಿದ, ಇ. ಡಬ್ಲ್ಯು. ಫ್ರಿಚ್ಲಿ ವಿನ್ಯಾಸ ಮಾಡಿದ ಈ ಬಿಳಿಯ ಅರಮನೆ 1974ರಲ್ಲಿ ಹೋಟೆಲಾಯಿತು. ಅತಿಥಿಗೃಹವೇ ಹೋಟೆಲೂ ಆಗಿ, ಒಳಗೆ ತಂಗಲಾಗದವರು ಹೊರಗೆ ನಿಂತು ಚಿತ್ರ ತೆಗೆದುಕೊಳ್ಳುವ ನೋಟವೂ ಆಯಿತು.

ವಿಶ್ರಾಂತಿಯ ಬಂಗಲೆಗೆ ಹೆಸರಾಗಿದ್ದ ಇಲವಾಲಕ್ಕೆ 1957ರ ಸೆಪ್ಟೆಂಬರ್ 21 ಮತ್ತು 22ರಂದು ಬಂದ ಅತಿಥಿಗಳು ಬೇರೆಯೇ. ಊರಿನ ಜಮೀನಿನ ಒಡೆತನವನ್ನು ಇಡೀ ಊರಿಗೇ ಒಪ್ಪಿಸುವ ಗ್ರಾಮದಾನದ ಕುರಿತ ಸಮಾವೇಶಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಕೇರಳದ ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡ್ ಮೊದಲಾದವರು ಇಲ್ಲಿ ಸೇರಿದ್ದರು. ನಡುವೆ ಕುಳಿತಿದ್ದವರು ಗ್ರಾಮದಾನ ಚಳವಳಿಯ ಮುಂದಾಳು ವಿನೋಬಾ ಭಾವೆ. 1951ರಿಂದ ಊರಿಂದೂರಿಗೆ ನಡೆಯುತ್ತ, ಇಂದು ಇಲ್ಲಿ ನಾಳೆ ಅಲ್ಲಿ ಎಂದು ಬಿಡಾರ ಬದಲಿಸುತ್ತಲೇ ಇದ್ದವರು.

ಮೈಸೂರಿನಿಂದ ಇಲವಾಲದ ಕಡೆಗೆ ಹೊರಡುವ ರಸ್ತೆಯ ಮೊದಲ ಭಾಗಕ್ಕೆ ಈಗ ಅವರದೇ ಹೆಸರಿದೆ. ಮಹಾರಾಜರ ಯೂರೋಪಿಯನ್ ಅತಿಥಿಗಳಿಗಾಗಿ ಕಟ್ಟಿದ ಮೆಟ್ರೊಪೋಲ್ ಹೋಟೆಲು ಇರುವುದೂ ನಂಜರಾಜ ಬಹದ್ದೂರ್ ಛತ್ರವಿರುವುದೂ ಆ ವಿನೋಬಾ ರಸ್ತೆಯ ಬದಿಯಲ್ಲಿಯೇ.