ಮೊಮ್ಮಗನ ಚಿಪ್ಪು, ತಾತನ ಲೆಕ್ಕ

ಬೇಸಿಗೆ ರಜೆಯಲ್ಲಿ ಒಂಬತ್ತನೇ ತರಗತಿಯ ನನ್ನ ಮೊಮ್ಮಗ ಹುಂಡಿ ಒಡೆದ. ಎರಡು ವರ್ಷ ಹಬ್ಬ, ಹುಟ್ಟುಹಬ್ಬಗಳಲ್ಲಿ ಸಿಕ್ಕ ದುಡ್ಡು. ಅದಕ್ಕೆ ಅವರಪ್ಪ ಒಂದಿಷ್ಟು ಸೇರಿಸಿದರೆ ಹೊಸ ಕಂಪ್ಯೂಟರನ್ನು ತಾನೇ ಜೋಡಿಸಬೇಕೆಂಬ ಆಸೆ. ಎರಡು ಪಟ್ಟಿ ತಂದು ನನ್ನ ಮುಂದಿಟ್ಟ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಪ್ರೊಸೆಸರ್. ಆದರೆ ಒಂದರ ಹೆಸರಿನ ಕೊನೆಗೆ ‘ಕೆ’ ಎಂಬ ಅಕ್ಷರ. ಆ ಅಕ್ಷರಕ್ಕೂ, ಅದಕ್ಕೆ ತಕ್ಕ ಮದರ್‌ಬೋರ್ಡು ಮತ್ತು ದೊಡ್ಡ ಫ್ಯಾನಿಗೂ ಸೇರಿ ಎಂಟು ಸಾವಿರ ರೂಪಾಯಿ ಹೆಚ್ಚು!

“ತಾತ, ಇದನ್ನ ಓವರ್‌ಕ್ಲಾಕ್ ಮಾಡಬಹುದು. ಹಿಂದಿನ ಚಿಪ್ಪುಗಳೇ ಒಂದೂವರೆ ಪಟ್ಟು ಓಡ್ತಿದ್ವಂತೆ. ಇದು ಹೊಸದು, ಇನ್ನೂ ಜಾಸ್ತಿ ಓಡತ್ತೆ ಅಲ್ವಾ?”

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಎಂಜಿನಿಯರ್ ಅಲ್ಲ. ಆದರೆ ಶೇಕಡಾ ಲೆಕ್ಕ ಬರುತ್ತದೆ. “ಕಾಗದ ತಗೊಂಡು ಬಾರೋ ಪುಟ್ಟ” ಎಂದೆ.

ಮಕ್ಕಳೇ, ಪ್ರೊಸೆಸರ್ ಒಂದು ಗಡಿಯಾರದ ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ತಾಳ ಬಿದ್ದರೆ ಒಂದು ಮೆಗಾಹರ್ಟ್ಜ್, ನೂರು ಕೋಟಿ ಬಿದ್ದರೆ ಒಂದು ಗಿಗಾಹರ್ಟ್ಜ್. ಕಾರ್ಖಾನೆಯವರು ಗೊತ್ತುಮಾಡಿದ್ದಕ್ಕಿಂತ ಜೋರಾಗಿ ತಾಳ ಹಾಕಿಸುವುದೇ ಓವರ್‌ಕ್ಲಾಕಿಂಗ್.

ಮೊಮ್ಮಗ ಕೇಳಿದ್ದ ಕಥೆ ನಿಜವೇ. 1998ರಲ್ಲಿ ಇಂಟೆಲ್ ಕಂಪನಿ ‘ಸೆಲೆರಾನ್ 300ಎ’ ಎಂಬ ಅಗ್ಗದ ಚಿಪ್ಪು ತಂದಿತು. ಮದರ್‌ಬೋರ್ಡಿನ ತಾಳ 66 ಮೆಗಾಹರ್ಟ್ಜ್. ಚಿಪ್ಪು ಅದನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು ಸುಮಾರು 300ರಲ್ಲಿ ಓಡುತ್ತಿತ್ತು. ಜಾಣರು ಬೋರ್ಡಿನ ತಾಳವನ್ನು 100ಕ್ಕೆ ಏರಿಸಿದರು. ನೂರನ್ನು ನಾಲ್ಕೂವರೆಯಿಂದ ಗುಣಿಸಿ ನೋಡಿ: 450! ಎಲ್ಲ ಚಿಪ್ಪುಗಳೂ ತಡೆಯಲಿಲ್ಲ, ಆದರೆ ಬಹಳಷ್ಟು ತಡೆದುಕೊಂಡವು. ಕೊಟ್ಟ ದುಡ್ಡಿಗೆ ಶೇ. 50ರಷ್ಟು ಹೆಚ್ಚು ವೇಗ.

ಹೇಗೆ ಸಾಧ್ಯವಾಯಿತು? ಅದೇ ವರ್ಷ ಅದೇ ಕಂಪನಿ 450 ಮೆಗಾಹರ್ಟ್ಜ್‌ನ ದುಬಾರಿ ಪೆಂಟಿಯಂ 2 ಚಿಪ್ಪನ್ನೂ ಮಾರುತ್ತಿತ್ತು. ಎರಡನ್ನೂ ತಯಾರಿಸುವ ವಿಧಾನ ಒಂದೇ. ಅಗ್ಗದ ಚಿಪ್ಪಿಗೂ ಶಕ್ತಿಯಿತ್ತು, ಅದರ ಮೇಲೆ ಅಂಟಿಸಿದ ಚೀಟಿ ಮಾತ್ರ ಚಿಕ್ಕದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಖಾತೆಯಲ್ಲಿ ಯಾರೂ ಮುಟ್ಟದ ಠೇವಣಿ ಉಳಿದಿತ್ತು.

“ಹಾಗಾದ್ರೆ ಹೊಸ ಚಿಪ್ಪಿನಲ್ಲಿ ಇನ್ನೂ ದೊಡ್ಡ ಠೇವಣಿ ಇರಬೇಕಲ್ಲ?” ಎಂದ.

ಇಲ್ಲೇ ಗುಟ್ಟು. 2008ರಲ್ಲಿ ಇಂಟೆಲ್ ತನ್ನ ಚಿಪ್ಪುಗಳಿಗೆ ‘ಟರ್ಬೊ ಬೂಸ್ಟ್’ ಕಲಿಸಿತು. ಚಿಪ್ಪೇ ತನ್ನ ಬಿಸಿ, ಬಳಸುವ ವಿದ್ಯುತ್ತು ನೋಡಿಕೊಂಡು, ಅವಕಾಶವಿದ್ದಾಗ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಠೇವಣಿಯನ್ನು ಕಂಪನಿಯೇ ತೆಗೆದು ಖರ್ಚುಮಾಡಿ ನಮಗೆ ಮಾರಿದ ಹಾಗೆ. 2023ರ ‘ಕೋರ್ ಐ9-14900ಕೆ’ ಕಾರ್ಖಾನೆಯಿಂದಲೇ 6 ಗಿಗಾಹರ್ಟ್ಜ್‌ವರೆಗೆ ಏರಬಲ್ಲದು. ಕಷ್ಟಪಟ್ಟು 6.2ಕ್ಕೆ ಒಯ್ದರೂ ಸಿಕ್ಕ ಲಾಭ ಶೇ. 3 ಚಿಲ್ಲರೆ. ಹೊಸದು ಹಳೆಯದಕ್ಕಿಂತ ಎಷ್ಟೋ ವೇಗ, ಸಂಶಯವಿಲ್ಲ. ಆದರೆ ನಾವು ಹಿಂಡಿ ತೆಗೆಯಲು ಉಳಿದಿರುವ ರಸ ಕಡಿಮೆ.

ಖರ್ಚಿನ ಬಾಬ್ತು ಇನ್ನೊಂದಿದೆ, ಶಾಖ. ಓಡುವ ಚಿಪ್ಪಿನ ಶಾಖ ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಶೇ. 10 ಹೆಚ್ಚಿಸಲು ವೋಲ್ಟೇಜನ್ನೂ ಶೇ. 10 ಹೆಚ್ಚಿಸಬೇಕಾಯಿತೆನ್ನಿ. 1.1ನ್ನು 1.1ರಿಂದ ಗುಣಿಸಿ, ಮತ್ತೊಮ್ಮೆ 1.1ರಿಂದ ಗುಣಿಸಿ: 1.331. ಹತ್ತರ ಲಾಭಕ್ಕೆ ಮೂವತ್ತಮೂರರ ಬಿಸಿ! ಅದಕ್ಕೇ ಆ ದೊಡ್ಡ ಫ್ಯಾನು. ವೋಲ್ಟೇಜ್ ಮಿತಿ ಮೀರಿದರೆ ಚಿಪ್ಪಿನ ಆಯಸ್ಸೂ ಕಡಿಮೆ, ವಾರಂಟಿಗೂ ಕುತ್ತು ಬರಬಹುದು.

ಲೆಕ್ಕ ಮುಗಿದಾಗ ಹುಡುಗನ ಮುಖ ಸಣ್ಣದಾಯಿತು. ನನಗೂ ಪಾಪ ಅನ್ನಿಸಿತು. ತನ್ನ ಕೈಯಿಂದ ಯಂತ್ರವನ್ನು ಇನ್ನಷ್ಟು ಓಡಿಸುವ ಖುಷಿಗೆ ಬಡ್ಡಿ ಲೆಕ್ಕ ಎಲ್ಲಿದೆ? “ದುಡ್ಡು ನಿನ್ನದು, ತೀರ್ಮಾನವೂ ನಿನ್ನದೇ” ಎಂದು ಸುಮ್ಮನಾದೆ.

ಮರುದಿನ ‘ಕೆ’ ಇಲ್ಲದ ಪಟ್ಟಿಯನ್ನೇ ಹಿಡಿದು ಬಂದ. ಉಳಿದ ದುಡ್ಡಿನಲ್ಲಿ ರ‍್ಯಾಮ್ ದುಪ್ಪಟ್ಟು ಮಾಡಿಸಿದ್ದ. ಕೆಳಗೆ ಇನ್ನೊಂದು ಸಾಲು: ‘ಅಟ್ಟದ ಮೇಲಿರುವ ತಾತನ ಹಳೇ ಕಂಪ್ಯೂಟರ್ — ಖರ್ಚು ಸೊನ್ನೆ.’

“ಅದ್ಯಾಕೋ?” ಎಂದೆ.

“ಓವರ್‌ಕ್ಲಾಕ್ ಕಲಿಯೋಕೆ ತಾತ! ಠೇವಣಿ ಇರೋದು ಹಳೇದ್ರಲ್ಲಿ ಅಂತ ನೀವೇ ಹೇಳಿದ್ರಲ್ಲ?”

ಏಣಿ ತರಲು ನಾನೇ ಎದ್ದೆ.