ಸಾಲದ ದಾಖಲೆಯಿಲ್ಲದವರಿಗೆ ಬ್ಯಾಂಕಿನ ಖಾತೆ

ಬ್ಯಾಂಕಿನಿಂದ ಎಂದೂ ಸಾಲವನ್ನೆತ್ತದ ಕೂಲಿಕಾರನು, ಆ ಕಾರಣದಿಂದಲೇ ತನಗೆ ಅಲ್ಲಿ ಪ್ರವೇಶವಿಲ್ಲವೆಂದು ಭಾವಿಸಿ ಬಿತ್ತನೆಯ ಕಾಲಕ್ಕೆ ಸಾಹುಕಾರನ ಜಗಲಿಯನ್ನೇರುವುದುಂಟು. ಇದು ತಪ್ಪು ತಿಳಿವಳಿಕೆ. ಮೂಲ ಉಳಿತಾಯ ಖಾತೆಗೆ ಹಿಂದಿನ ಸಾಲದ ದಾಖಲೆಯಾಗಲಿ ಕನಿಷ್ಠ ಶಿಲ್ಕಾಗಲಿ ಬೇಕಿಲ್ಲ. ಈ ಖಾತೆಯು ಸರ್ವರಿಗೂ ದೊರೆಯತಕ್ಕದ್ದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ವಿಧಿಸಿತು. 2014ರ ಆಗಸ್ಟ್ 28ರಂದು ಪ್ರಾರಂಭವಾದ ಜನಧನ ಯೋಜನೆಯು ಅದನ್ನು ಹಳ್ಳಿಗಳಿಗೆ ಮುಟ್ಟಿಸಿತು.

ಗುರುತಿನ ಪತ್ರವೇ ಇಲ್ಲದವನ ಗತಿಯೇನು? ಅಂಥವನು ಭಾವಚಿತ್ರವನ್ನು ಕೊಟ್ಟು, ಬ್ಯಾಂಕಿನ ಅಧಿಕಾರಿಯ ಸಮಕ್ಷಮದಲ್ಲಿ ರುಜುವನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಿದರೆ ‘ಸಣ್ಣ ಖಾತೆ’ ದೊರೆಯುವುದು. ಸಾಮಾನ್ಯವಾಗಿ ಇದರಲ್ಲಿ ಶಿಲ್ಕು 50,000 ರೂಪಾಯಿಗಳನ್ನೂ, ವರ್ಷದ ಜಮೆ 1 ಲಕ್ಷವನ್ನೂ, ತಿಂಗಳಲ್ಲಿ ತೆಗೆಯುವ ಹಣ 10,000ವನ್ನೂ ಮೀರಕೂಡದು. ಅವಧಿ ಹನ್ನೆರಡು ತಿಂಗಳು ಮಾತ್ರ. ಅಷ್ಟರೊಳಗೆ ಗುರುತಿನ ಪತ್ರಕ್ಕೆ ಅರ್ಜಿ ಕೊಟ್ಟ ಪುರಾವೆಯನ್ನು ತೋರಿಸಿದರೆ ಇನ್ನೂ ಹನ್ನೆರಡು ತಿಂಗಳು ನಡೆಯುವುದು. ಇದನ್ನು ಮರೆತವರೇ ಹೆಚ್ಚು. ಸುಗ್ಗಿಯ ಕೂಲಿ ಜಮೆಯಾಗುವ ಹೊತ್ತಿಗೆ ಖಾತೆ ನಿಂತರೆ ಬಡವನು ಪುನಃ ಸಾಹುಕಾರನ ಕೈಗೆ ಬೀಳುವನು. ಅರ್ಜಿಯನ್ನು ಬರೆಯಿಸುವ ಕೆಲಸವನ್ನು ಗ್ರಾಮದ ಮುಖಂಡರು ಮೊದಲ ತಿಂಗಳಲ್ಲಿಯೇ ಮಾಡಿಸುವುದು ಲೇಸು.

ಜನಧನ ಖಾತೆಯನ್ನು ಆರು ತಿಂಗಳು ಸರಿಯಾಗಿ ನಡೆಸಿದ ಅರ್ಹರಿಗೆ 10,000 ರೂಪಾಯಿಗಳವರೆಗೆ ಓವರ್‌ಡ್ರಾಫ್ಟ್ ದೊರೆಯಬಹುದು. ಆದರೆ ಅದು ಹಕ್ಕಲ್ಲ, ಬ್ಯಾಂಕಿನ ತೀರ್ಮಾನ. ವಾಯಿದೆಗೆ ತೀರಿಸಿದರೆ ಅದೇ ಅವನ ನಡತೆಗೆ ಮೊದಲ ಲಿಖಿತ ಸಾಕ್ಷಿ.

ಜಮೀನುದಾರರು ಕೂಲಿಯನ್ನು ಖಾತೆಗೇ ಜಮೆಮಾಡಬಹುದು. ಪಾಸ್‌ಪುಸ್ತಕವೂ ಕಾರ್ಡೂ ಮಾತ್ರ ಕೂಲಿಕಾರನ ಪೆಟ್ಟಿಗೆಯಲ್ಲಿಯೇ ಇರತಕ್ಕದ್ದು. ಮುಂಗಡಕ್ಕೆ ಒತ್ತೆಯೆಂದು ಅವನ್ನು ತೆಗೆದಿರಿಸಿಕೊಳ್ಳಕೂಡದು.