ಹೆಡ್‌ಲೈಟಿನ ಬೆಳಕಿಗೆ ಹವಳ ಬೆಳೆದೀತೆ?

ಸೊರಬ ತಾಲ್ಲೂಕಿನ ಉಳವಿಗೂ ಕಡಲಿಗೂ ನಡುವೆ ಪಶ್ಚಿಮಘಟ್ಟ ಅಡ್ಡ ನಿಂತಿದೆ. ಇಲ್ಲಿ ಯಾರಿಗಾದರೂ ಮನೆಯ ಗಾಜಿನ ತೊಟ್ಟಿಯಲ್ಲಿ ಹವಳ ಬೆಳೆಸುವ ಆಸೆ ಹುಟ್ಟಿತೆನ್ನಿ. ಉಪ್ಪುನೀರನ್ನು ಹೇಗೋ ಹೊಂದಿಸಬಹುದು, ಲೀಟರಿಗೆ ಸುಮಾರು 35 ಗ್ರಾಂ ಲವಣ ಸಾಕು. ತಲೆನೋವು ಬೆಳಕಿನದು. ಅದಕ್ಕೆಂದೇ ಮಾಡಿದ ದೀಪಗಳು ದುಬಾರಿ. ಆಗ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಕಾರಿನ ಹೆಡ್‌ಲೈಟಿನ ಮೇಲೆ ಕಣ್ಣು ಬೀಳುವುದು ಸಹಜ. ಕರೆಂಟು ಹೋದರೂ 12 ವೋಲ್ಟ್ ಬ್ಯಾಟರಿಯಿಂದ ಉರಿಯುತ್ತದಲ್ಲ!

ಹವಳ ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಒಡೆಯನಿಗೂ ಉಣಿಸುತ್ತದೆ. ಕಡಲ ನೀರು ಕೆಂಪು ಬೆಳಕನ್ನು ಮೇಲ್ಪದರದಲ್ಲೇ ಹೀರಿಬಿಡುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಹೀಗಾಗಿ ಆ ಪಾಚಿಗೆ ನೀಲಿಯೇ ಮುಖ್ಯ ಊಟ.

ಹಳೆಯ ಹ್ಯಾಲೊಜೆನ್ ಬಲ್ಬು ಸೋಲುವುದು ಇಲ್ಲೇ. 55 ವಾಟ್ ನುಂಗಿ ಹಳದಿ ಬೆಳಕು ಕೊಡುತ್ತದೆ, ಉಳಿದ ಬಹುಪಾಲು ಬರೀ ಶಾಖ. ಹವಳಕ್ಕೆ 25 ಡಿಗ್ರಿಯ ಆಸುಪಾಸಿನ ನೀರು ಹಿತ. 30 ದಾಟಿ ಹಾಗೆಯೇ ಉಳಿದರೆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬ್ಯಾಟರಿಯ ಲೆಕ್ಕವೂ ಅಷ್ಟಕ್ಕಷ್ಟೆ. ಒಂದು ಬಲ್ಬು ನಾಲ್ಕೂವರೆ ಆಂಪಿಯರ್ ಎಳೆಯುವುದರಿಂದ, 40 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ತಾಸಿಗೆ ಅರ್ಧ ಖಾಲಿ.

ಝೆನಾನ್ ದೀಪ ಬೆಳಕಿನಲ್ಲಿ ಮೇಲು. 35 ವಾಟಿಗೇ ಹ್ಯಾಲೊಜೆನ್‌ಗಿಂತ ಎರಡು ಪಟ್ಟು ಪ್ರಕಾಶ, ನೀಲಿಯೂ ಹೆಚ್ಚು. ಆದರೆ ಅದನ್ನು ಹೊತ್ತಿಸಲು ಬ್ಯಾಲಸ್ಟು ಕ್ಷಣಕಾಲ 20,000 ವೋಲ್ಟಿನಷ್ಟು ಒತ್ತಡ ಹುಟ್ಟಿಸುತ್ತದೆ. ಉಪ್ಪುನೀರು ಚಿಮ್ಮುವ ಕಡೆ ಇದನ್ನು ಬಿಚ್ಚಿ ಜೋಡಿಸುವುದು ಪ್ರಾಣದ ಜೊತೆ ಆಟ.

ಕೈಗೆಟುಕುವ ದಾರಿ ಎಲ್‌ಇಡಿ. ಬಿಳಿ ಎಲ್‌ಇಡಿಯ ಒಡಲಲ್ಲಿರುವುದು ನೀಲಿ ದೀಪವೇ, ಮೇಲಿನ ಹಳದಿ ಲೇಪನದಿಂದ ಅದು ಬಿಳಿಯಾಗಿ ಕಾಣುತ್ತದೆ. ಆ ನೀಲಿ ದೀಪ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ಎಲ್‌ಇಡಿ ಹೆಡ್‌ಲೈಟನ್ನು ಬಳಸುವುದಾದರೆ, ಬೆಳಕನ್ನು ರಸ್ತೆಯತ್ತ ಕೂಡಿಸುವ ಪ್ರತಿಫಲಕ ತೆಗೆಯಬೇಕು. ಬೆನ್ನಿನ ಫ್ಯಾನಿಗೆ ಗಾಳಿ ಆಡಬೇಕು. ತೊಟ್ಟಿಗೂ ದೀಪಕ್ಕೂ ನಡುವೆ ಗಾಜು ಬೇಕು, ತಂತಿಗೆ ಫ್ಯೂಸ್ ಬೇಕು.

ದೀಪವೇನೋ ಸಿದ್ಧವಾಯಿತು. ಹವಳ ಎಲ್ಲಿಂದ? ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಲಾಯಿತು, ಹುಲಿ ಇರುವ ಪಟ್ಟಿ ಅದು. ಕಡಲಿನಿಂದ ಒಂದು ತುಂಡು ಮುರಿದು ತಂದರೂ ಅಪರಾಧ. ಹವಳ ನೋಡುವ ಆಸೆಯಿದ್ದರೆ ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಸಾಗಿ, ನೀರಿಗಿಳಿದು ನೋಡಿ ಬರಬೇಕು.

ಹಾಗೆಂದು ಕೈಕೆಲಸ ವ್ಯರ್ಥವಲ್ಲ. ಅದೇ ಎಲ್‌ಇಡಿಯನ್ನು ಸಿಹಿನೀರಿನ ತೊಟ್ಟಿಯ ಮೇಲೆ ತೂಗುಹಾಕಿ, ಕೆಳಗೆ ಊರ ಕೆರೆಯ ನಾಲ್ಕು ಜಲಸಸ್ಯ ನೆಟ್ಟು ನೋಡಿ. ಬೆಳಕಿಗೆ ಎಲೆಯ ಮೇಲೆ ಆಮ್ಲಜನಕದ ಗುಳ್ಳೆಗಳು ಮಣಿಯಂತೆ ಕೂರುತ್ತವೆ. ಉಳವಿಯ ತೊಟ್ಟಿಗೆ ಆ ಮುತ್ತುಗಳೇ ಸಾಕು, ಹವಳ ಕಡಲಲ್ಲೇ ಇರಲಿ.